ಪರೀಕ್ಷೆಗೆ ಮುನ್ನವೇ ತೀರ್ಪೇ?

ವಾಹನಕ್ಕೆ ಸಿಕ್ಕಿ ಹಿಂಗಾಲಿನ ಸ್ವಾಧೀನ ತಪ್ಪಿದ ಬೀದಿನಾಯಿಯನ್ನು ಮನೆಗೆ ತಂದು ಸಲಹುವುದು ನಿಷ್ಫಲ ಭಾವುಕತೆಯೆಂದೂ, ಸೂಜಿಮದ್ದಿನಿಂದ ಮುಗಿಸುವುದೇ ದಯೆಯೆಂದೂ ಕಳೆದ ಸಂಚಿಕೆಯಲ್ಲಿ ತೀರ್ಪಿತ್ತ ಲೇಖಕರು, ಅಂಥದೊಂದು ಜೀವದ ಬಳಿ ಒಂದು ರಾತ್ರಿಯಾದರೂ ಕುಳಿತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ವಿಜಯನಗರದ ನಮ್ಮ ಪಡಸಾಲೆಯಲ್ಲಿ, ಅಂಥದೇ ನಾಯಿಯೊಂದನ್ನು ಹೊಟ್ಟೆಯಡಿ ಹಳೆಯ ಟವೆಲನ್ನು ಜೋಲಿಯಾಗಿ ಹಿಡಿದು ನಡೆಸುತ್ತ, ಹುಣ್ಣಾಗದಂತೆ ಜಾವಕ್ಕೊಮ್ಮೆ ಮಗ್ಗುಲು ಬದಲಿಸುತ್ತ ಕಳೆದ ಏಳನೆಯ ವಾರದಲ್ಲಿ, ನಿಶ್ಚೇಷ್ಟವೆಂದಿದ್ದ ಎಡಪಾದವು ನನ್ನ ಅಂಗೈಯನ್ನು ಒತ್ತಿತು. ಹಿಂಗಾಲಿನ ಬೆರಳನ್ನು ಬಲವಾಗಿ ಅದುಮಿದಾಗ ನೋವರಿತು ತಿರುಗಿ ನೋಡುವ ನಾಯಿಯಲ್ಲಿ ಚೇತನ ಮರಳುವ ಆಸೆಯುಂಟು. ಆಸೆಯೇ ಉಳಿಯದ ಯಾತನೆಗೆ ಸೂಜಿಮದ್ದನ್ನು ನಾನೂ ಒಪ್ಪುವೆನು; ಪರೀಕ್ಷೆಗೆ ಮುನ್ನವೇ ತೀರ್ಪನ್ನು ಒಪ್ಪಲಾರೆನು. ನಾಯಿಯ ಮೇಲಿನ ಮಮತೆ ಪರದೇಶದ ಷೋಕಿಯೆಂಬ ಅವರ ಮಾತಂತೂ ಅಸತ್ಯ: ಹಂದಿಯೊಡನೆ ಕಾದಿ ಮಡಿದ ಕಾಳಿಯೆಂಬ ನಾಯಿಗಾಗಿ 10ನೆಯ ಶತಮಾನದಲ್ಲಿ ಮಣಲೇರನೆಂಬ ವೀರನು ಆತಕೂರಿನಲ್ಲಿ ನಿಲ್ಲಿಸಿದ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.