ಕಸದ ಗಾಡಿ ಮೊದಲು ಬರಲಿ, ಪ್ರಚಾರದ ಕಂಪೆನಿ ಆಮೇಲೆ

ಊರಿನಲ್ಲಿ ರಸ್ತೆಗೆ ಡಾಮರು ಹಾಕುವ ಟೆಂಡರ್ ಆದರೆ ಇಲ್ಲಿ ಕೂತ ನಮಗೂ ಸುದ್ದಿ ಬರುತ್ತದೆ. ಎಷ್ಟು ಲಕ್ಷ, ಕಂಟ್ರಾಕ್ಟರ್ ಯಾರು, ಎಷ್ಟು ಇಂಚು ದಪ್ಪ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ಆಗುತ್ತದೆ. ಅದೇ ಪಾಲಿಕೆ ಅಥವಾ ನಗರಸಭೆ ಸ್ವಚ್ಛತೆಯ ಜಾಗೃತಿ ಮೂಡಿಸಲು ಒಂದು ಪ್ರಚಾರ ಸಂಸ್ಥೆಯನ್ನು ಆರಿಸುತ್ತದೆ ಅಂದರೆ ಯಾರೂ ಏನೂ ಕೇಳುವುದಿಲ್ಲ. ರಸ್ತೆಯಲ್ಲಿ ಹೊಂಡ ಬಿದ್ದರೆ ಮಳೆಗಾಲದಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರಚಾರಕ್ಕೆ ಕೊಟ್ಟ ಹಣ ಹೊಂಡಕ್ಕೆ ಬಿದ್ದರೆ ಕಾಣುವುದೇ ಇಲ್ಲ. ಕಂಪೆನಿಯೊಂದರಲ್ಲಿ ದಿನವಿಡೀ ಬಿಲ್ಲು, ವೋಚರ್ ನೋಡುವ ನನ್ನಂಥವನಿಗೆ ಹೆಚ್ಚು ಸಂಶಯ ಬರುವುದು ಇಂಥ ಕಾಣದ ಖರ್ಚಿನ ಮೇಲೆಯೇ.

ಈ ಹಣ ಯಾರದ್ದು ಎಂಬುದನ್ನು ಮೊದಲು ನೋಡುವ. ಸ್ವಚ್ಛ ಭಾರತ ಮಿಷನ್ 2014ರ ಅಕ್ಟೋಬರ್ 2ರಂದು ಶುರುವಾದಾಗ ನಗರಗಳಿಗಾಗಿ ಬಂದ ಮಾರ್ಗಸೂಚಿಯಲ್ಲಿ ಕೇಂದ್ರದ ಹಂಚಿಕೆಯ ಶೇಕಡ 15ರಷ್ಟನ್ನು ಜನಜಾಗೃತಿಗೆ ಅಂತಲೇ ಮೀಸಲಿಟ್ಟರು. ಅದರಲ್ಲಿ ಶೇಕಡ 3 ದಿಲ್ಲಿಯ ಸಚಿವಾಲಯಕ್ಕೆ, ಶೇಕಡ 12 ರಾಜ್ಯಗಳಿಗೆ. ರಾಜ್ಯದ ವಾರ್ಷಿಕ ಯೋಜನೆಯಲ್ಲಿ ಈ ಹಣದ ಕನಿಷ್ಠ ಅರ್ಧ ಭಾಗ ಸ್ಥಳೀಯ ಸಂಸ್ಥೆಗಳ ತಳಮಟ್ಟದ ಕೆಲಸಕ್ಕೆ ಹೋಗಬೇಕು ಎಂದೂ ಬರೆದಿದ್ದರು. ಹೀಗೆ ನಿಯಮವೇ ತಳಮಟ್ಟ ಅನ್ನುವ ಮಾತು ಹೇಳಿತ್ತು. ಇದರ ಜೊತೆಗೆ ನಾವು ಕಟ್ಟುವ ಶುಲ್ಕ ಬೇರೆ. ಮಂಗಳೂರಿನಲ್ಲಿ ಮನೆ ಇರುವವರಿಗೆ ಗೊತ್ತುಂಟು, ಮನೆ ತೆರಿಗೆಯ ಚಲನ್‌ನಲ್ಲೇ ಘನತ್ಯಾಜ್ಯದ ಶುಲ್ಕವೂ ಸೇರಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ ಸಿಗುತ್ತದೆ ಅಂತ ಇಲ್ಲಿಂದಲೇ ಹಣ ಕಳಿಸಿ ಕಟ್ಟಿಸುವವರು ನಾವು. ಹಾಗಿರುವಾಗ ಲೆಕ್ಕ ಕೇಳುವುದು ನಮ್ಮ ಹಕ್ಕೇ.

ಆಯ್ಕೆ ಹೇಗೆ ನಡೆಯುತ್ತದೆ?

ಸರಕಾರಿ ಖರೀದಿಗೆ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಕರೆಯಬೇಕು, ಶರತ್ತು ಪ್ರಕಟಿಸಬೇಕು. ಪ್ರಚಾರದಂಥ ಸೇವೆಗೆ ಸಾಮಾನ್ಯವಾಗಿ ಎರಡು ಲಕೋಟೆಯ ಪದ್ಧತಿ. ಒಂದರಲ್ಲಿ ಸಂಸ್ಥೆಯ ಅರ್ಹತೆ, ಇನ್ನೊಂದರಲ್ಲಿ ದರ. ಅರ್ಹತೆಗೆ 70 ಅಂಕ, ದರಕ್ಕೆ 30 ಅಂಕ ಎಂಬ ರೀತಿಯ ಲೆಕ್ಕ ಇರುತ್ತದೆ. ಕಡಿಮೆ ದರ ಹಾಕಿದವನಿಗೇ ಕೆಲಸ ಅಂತ ಇಲ್ಲದಿರುವುದು ಒಳ್ಳೆಯದೇ. ಆದರೆ ಆ 70 ಅಂಕ ಯಾವುದಕ್ಕೆ ಕೊಡುತ್ತಾರೆ ನೋಡಿ. ಕಳೆದ ಮೂರು ವರ್ಷಗಳ ವಹಿವಾಟು ಎಷ್ಟು ಕೋಟಿ, ಎಷ್ಟು ಸರಕಾರಿ ಇಲಾಖೆಗಳಿಗೆ ಕೆಲಸ ಮಾಡಿದ್ದಾರೆ, ಎಷ್ಟು ಮಂದಿ ಡಿಸೈನರ್‌ಗಳಿದ್ದಾರೆ, ಅಧಿಕಾರಿಗಳ ಮುಂದೆ ತೋರಿಸಿದ ಪ್ರೆಸೆಂಟೇಷನ್ ಹೇಗಿತ್ತು. ಇವೆಲ್ಲ ಕಂಪೆನಿಯ ತೂಕ ಹೇಳುತ್ತವೆ. ತೊಕ್ಕೊಟ್ಟಿನ ಗಲ್ಲಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ಯಾರು ಕಸ ಹೊರಗಿಡುತ್ತಾರೆ, ಯಾಕೆ ಎರಡನ್ನೂ ಸೇರಿಸಿ ಇಡುತ್ತಾರೆ ಎಂಬ ತಿಳಿವಳಿಕೆಗೆ ಅಂಕವೇ ಇರುವುದಿಲ್ಲ. ವಹಿವಾಟಿನ ಶರತ್ತು ಇಟ್ಟ ಕೂಡಲೇ ಊರಿನ ಮಹಿಳಾ ಸ್ವಸಹಾಯ ಗುಂಪು, ಯುವಕ ಮಂಡಲ, ಕಾಲೇಜಿನ ಎನ್ನೆಸ್ಸೆಸ್ ಘಟಕ ಎಲ್ಲ ಬಾಗಿಲಿನಿಂದಲೇ ವಾಪಸ್. ದೂರದ ದೊಡ್ಡ ಕಂಪೆನಿ ಒಳಗೆ.

ಮತ್ತೆ ಬಿಲ್ಲು. ಇಷ್ಟು ಹೋರ್ಡಿಂಗ್, ಇಷ್ಟು ಬೀದಿ ನಾಟಕ, ಇಷ್ಟು ರೇಡಿಯೋ ಜಾಹೀರಾತು, ಫೇಸ್‌ಬುಕ್ಕಿನಲ್ಲಿ ಇಷ್ಟು ಪೋಸ್ಟ್. ಪ್ರತಿಯೊಂದಕ್ಕೂ ಫೋಟೋ ಲಗತ್ತಿಸಿದರೆ ಬಿಲ್ ಪಾಸ್. ಲೆಕ್ಕಪತ್ರದಲ್ಲಿ ಇದಕ್ಕೆ ತಪ್ಪು ಹುಡುಕಲು ಆಗುವುದಿಲ್ಲ, ಏಕೆಂದರೆ ಹೇಳಿದ ಕೆಲಸ ಮಾಡಿದ್ದಾರೆ. ಆದರೆ ಆ ಹೋರ್ಡಿಂಗ್ ಕೆಳಗೇ ಕಸದ ರಾಶಿ ಬಿದ್ದಿದ್ದರೆ ಅದಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ.

ಒಂದು ಸಣ್ಣ ಲೆಕ್ಕ

ಇದು ಯಾವ ಊರಿನ ಅಂಕಿಯೂ ಅಲ್ಲ, ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡದ್ದು. ಒಂದು ಊರಿನಲ್ಲಿ 60,000 ಮನೆ, ಪ್ರಚಾರದ ಗುತ್ತಿಗೆ 50 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಮನೆಗೆ ಬಿದ್ದದ್ದು ಸುಮಾರು 83 ರೂಪಾಯಿ. ಈಗ ಊರಿನದೇ ಒಬ್ಬ ಹೆಂಗಸಿಗೆ ದಿನಕ್ಕೆ 600 ರೂಪಾಯಿ ಕೊಟ್ಟು, ದಿನಕ್ಕೆ 40 ಮನೆಯ ಬಾಗಿಲಿಗೆ ಹೋಗಿ ಮಾತಾಡಿ ಬನ್ನಿ ಅಂದರೆ ಒಂದು ಭೇಟಿಗೆ 15 ರೂಪಾಯಿ. ತರಬೇತಿ, ಕರಪತ್ರ, ಮೇಲ್ವಿಚಾರಣೆಗೆ ಅರ್ಧ ಹಣ ತೆಗೆದಿಟ್ಟರೂ ಉಳಿದ 25 ಲಕ್ಷದಲ್ಲಿ ಪ್ರತಿಯೊಂದು ಮನೆಗೂ ಎರಡು ಸಲ ಹೋಗಿ, ಕೇಳದವರ ಮನೆಗೆ ಮೂರನೇ ಸಲವೂ ಹೋಗಬಹುದು. ಆ 600 ರೂಪಾಯಿ ಊರಿನ ಮನೆಯೊಂದರ ಅಡುಗೆ ಖರ್ಚಿಗೆ ಸೇರುತ್ತದೆ ಎಂಬುದು ಬೇರೆ. ಹೋರ್ಡಿಂಗ್ ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ. "ನಮ್ಮ ಬೀದಿಗೆ ಒಣ ಕಸದ ಗಾಡಿ ಯಾವ ದಿನ ಬರುವುದು?" ಅಂತ ಬಾಗಿಲಿಗೆ ಬಂದವಳ ಹತ್ತಿರವಷ್ಟೇ ಕೇಳಲು ಸಾಧ್ಯ.

ಆ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಯಾವ ಕಂಪೆನಿಯನ್ನು ತಂದರೂ ಪ್ರಯೋಜನ ಇಲ್ಲ. ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಕಸ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಕಡ್ಡಾಯ ಮಾಡಿದವು. ಜನ ಬೇರ್ಪಡಿಸಿ ಕೊಟ್ಟರು ಅಂತ ಇಟ್ಟುಕೊಳ್ಳಿ. ಅವರ ಕಣ್ಣೆದುರೇ ಎರಡನ್ನೂ ಒಂದೇ ಗಾಡಿಗೆ ಸುರಿದರೆ ಮರುದಿನದಿಂದ ಯಾರು ಬೇರ್ಪಡಿಸುತ್ತಾರೆ? ಒಂದು ಸಲ ಹಾಗೆ ಸುರಿದದ್ದನ್ನು ನೋಡಿದ ಉಮ್ಮಂದಿರಿಗೆ ಆಮೇಲೆ ಹತ್ತು ಜಾಹೀರಾತು ತೋರಿಸಿದರೂ ನಂಬಿಕೆ ಬರುವುದಿಲ್ಲ.

ಬೆರೆತ ಕಸದ ಬೆಲೆ ಏನೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಮಂದಾರದ ಮನೆ, ತೆಂಗು, ಅಡಿಕೆ ತೋಟಗಳ ಮೇಲೆ ಹರಿಯಿತು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ತಲೆಮಾರಿನಿಂದ ನೀರು ಹಾಕಿ ಬೆಳೆಸಿದ ತೋಟ ಅದು. ಆ ಬೆಟ್ಟದಲ್ಲಿದ್ದದ್ದು ನಗರದ ನಮ್ಮ ನಿಮ್ಮ ಮನೆಗಳ ಕಸವೇ. ಹಸಿ ಕಸ ಮನೆಯಲ್ಲೋ ವಾರ್ಡಿನಲ್ಲೋ ಗೊಬ್ಬರವಾಗಿ, ಒಣ ಕಸ ಗುಜರಿಗೆ ಹೋಗಿದ್ದರೆ ಅಷ್ಟು ಎತ್ತರದ ಬೆಟ್ಟ ಬೆಳೆಯುತ್ತಿರಲಿಲ್ಲ.

ಕೆಲಸ ಆದ ಊರುಗಳಲ್ಲಿ ಏನು ಮಾಡಿದರು? ಇಂದೋರ್ 2017ರಿಂದ 2023ರ ವರೆಗೆ ಸತತ ಏಳು ಸಲ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆಯಿತು. ಅಲ್ಲಿ ಮನೆಮನೆಗೆ ದಿನಾ ಗಾಡಿ ಬರುವ ಹಾಗೆ ಮಾಡಿದರು, ರಸ್ತೆ ಬದಿಯ ತೊಟ್ಟಿಗಳನ್ನು ತೆಗೆದರು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಗಾಡಿಯ ಜೊತೆಗೇ ಬೀದಿ ಬೀದಿ ಸುತ್ತಿದರು. ಹಾಡು, ಪೋಸ್ಟರ್ ಅಲ್ಲಿಯೂ ಇದ್ದವು, ಆದರೆ ಹಾಡು ಕೇಳಿ ಹೊರಗೆ ಬಂದವರಿಗೆ ಗಾಡಿ ಎದುರಿಗೇ ಸಿಕ್ಕಿತು. ನಮ್ಮ ಪಕ್ಕದ ಕೇರಳದ ಆಲಪ್ಪುಳದಲ್ಲಿ ನಗರದ ಕಸ ಹೊತ್ತು ತರುವ ಲಾರಿಗಳನ್ನು ಸರ್ವೋದಯಪುರಂ ಗ್ರಾಮದ ಜನ ತಡೆದರು. ಬೇರೆ ದಾರಿ ಇಲ್ಲದೆ 2012ರಿಂದ ನಗರವು ಕಸವನ್ನು ಅದು ಹುಟ್ಟಿದಲ್ಲಿಯೇ ಮುಗಿಸಲು ಹೊರಟಿತು. ಮನೆಗಳಿಗೆ ಬಯೋಗ್ಯಾಸ್, ಪೈಪ್ ಕಾಂಪೋಸ್ಟ್, ಬೀದಿಗಳಲ್ಲಿ ಗೊಬ್ಬರದ ತೊಟ್ಟಿ. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವೇ ಆ ಊರನ್ನು ಮಾದರಿ ಅಂತ ಹೆಸರಿಸಿತು.

ಗಲ್ಫ್ ನೋಡಿ ಕಲಿಯಿರಿ ಅಂತ ಊರಿನಲ್ಲಿ ಕೆಲವರು ಹೇಳುತ್ತಾರೆ, ದಂಡ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂತ. ದುಬೈಯಲ್ಲಿ ರಸ್ತೆಯಲ್ಲಿ ಕಸ ಬಿಸಾಡಿದರೆ 500 ದಿರ್ಹಂ ದಂಡ ಉಂಟು, ನಿಜ. ಆದರೆ ಆ ದಂಡದ ಹಿಂದೆ ಪ್ರತಿ ಕಟ್ಟಡದ ಬಳಿ ಡಬ್ಬ ಉಂಟು, ತಪ್ಪದೆ ಬರುವ ಗಾಡಿ ಉಂಟು, 45 ಡಿಗ್ರಿ ಬಿಸಿಲಿನಲ್ಲೂ ರಸ್ತೆ ಗುಡಿಸುವ ನಮ್ಮಂಥದ್ದೇ ಕಾರ್ಮಿಕರಿದ್ದಾರೆ. ಅವರನ್ನು ಬಿಟ್ಟು ದಂಡವನ್ನು ಮಾತ್ರ ಊರಿಗೆ ಒಯ್ಯಲು ಆಗುವುದಿಲ್ಲ.

ಭಾಷೆಯ ಪ್ರಶ್ನೆ

ಪ್ರಚಾರ ಯಾರಿಗೆ ಮುಟ್ಟಬೇಕು? ಕಸ ಬೇರ್ಪಡಿಸುವುದು ಅಡುಗೆಮನೆಯಲ್ಲಿ. ನಮ್ಮ ಮನೆಗಳ ಅಡುಗೆಮನೆಯ ಭಾಷೆ ಬ್ಯಾರಿ. ಪಕ್ಕದ ಮನೆಯದ್ದು ತುಳು, ಆಚೆ ಮನೆಯದ್ದು ಕೊಂಕಣಿ. ಬ್ಯಾರಿ ಭಾಷೆಗೆ 2007ರಿಂದ ಸರಕಾರದ್ದೇ ಸಾಹಿತ್ಯ ಅಕಾಡೆಮಿ ಉಂಟು, ಆದರೆ ಕಸದ ಗಾಡಿಯ ಮೈಕಿನಲ್ಲಿ ಬ್ಯಾರಿ ಕೇಳಿಬರುವುದು ಅಪರೂಪ. ಬಾಡಿಗೆ ಕೋಣೆಗಳಲ್ಲಿ ಉತ್ತರ ಕರ್ನಾಟಕದಿಂದ, ಬಿಹಾರ, ಬಂಗಾಳದಿಂದ ಬಂದ ಕಾರ್ಮಿಕರಿದ್ದಾರೆ. ಅವರಿಗೆ ಯಾರೂ ಏನೂ ಹೇಳಿರುವುದಿಲ್ಲ, ಕಸ ಕಂಡಾಗ ಬೈಗುಳ ಮಾತ್ರ ಅವರಿಗೆ. ಇಲ್ಲಿ ಲೇಬರ್ ಕ್ಯಾಂಪಿನ ಗೋಡೆಯ ನೋಟಿಸು ಅರಬಿ, ಇಂಗ್ಲಿಷ್, ಉರ್ದು, ಹಿಂದಿ, ಮಲಯಾಳಂನಲ್ಲಿ ಇರುವುದನ್ನು ನಾವು ನೋಡಿದ್ದೇವೆ. ಪರವೂರಿನಲ್ಲಿ ತನಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಮಾತು ಕೇಳಿದಾಗ ಎಷ್ಟು ಹಾಯೆನಿಸುತ್ತದೆ ಅಂತ ವಲಸೆ ಕಾರ್ಮಿಕರಾದ ನಮಗೆ ಬೇರೆಯವರು ವಿವರಿಸಬೇಕೇ?

ಇನ್ನೊಂದು ಮಾತು ಹೇಳಲೇಬೇಕು. ಗಾಡಿ ಸರಿಯಾಗಿ ಬಾರದ ಬೀದಿಯಲ್ಲಿ ಕಸ ಕಂಡರೆ "ಆ ಕಡೆಯವರೇ ಹಾಗೆ" ಅಂತ ಇಡೀ ಮೊಹಲ್ಲಾಕ್ಕೆ ಹೆಸರಿಟ್ಟು ಬಿಡುವುದು ಬಹಳ ಸುಲಭ. ಯಾವ ವಾರ್ಡಿಗೆ ಗಾಡಿ ವಾರಕ್ಕೆ ಎಷ್ಟು ದಿನ ಬಂತು ಎಂಬ ದಾಖಲೆ ಎದುರಿಗಿದ್ದರೆ ಆ ಮಾತಿಗೆ ಉತ್ತರ ಕೊಡಬಹುದು. ಗಾಡಿ ದಿನಾ ಬಂದೂ ನಾವು ಸೇತುವೆಯಿಂದ ನದಿಗೆ ಕಟ್ಟು ಎಸೆಯುತ್ತಿದ್ದರೆ ಆಗ ತಪ್ಪು ನಮ್ಮದು, ಅದನ್ನೂ ಒಪ್ಪಬೇಕು.

ಹಾಗಾದರೆ ಪ್ರಚಾರ ಸಂಸ್ಥೆಯೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಮಾತನ್ನು ಮುಟ್ಟಿಸುವುದು ಒಂದು ವಿದ್ಯೆ, ಅದು ಬಲ್ಲವರಿಗೆ ಸಂಬಳ ಕೊಡಬೇಕು. ಸಿಂಗಾಪುರ ಬಳಸಿದ ನೀರನ್ನು ಶುದ್ಧ ಮಾಡಿ ನ್ಯೂವಾಟರ್ ಅಂತ ಹೆಸರಿಟ್ಟಿತು. 2002ರ ರಾಷ್ಟ್ರೀಯ ದಿನದಂದು ಪ್ರಧಾನಿ ಗೋ ಚೊಕ್ ಟಾಂಗ್ ಸಾವಿರಾರು ಜನರೊಂದಿಗೆ ಅದನ್ನೇ ಕುಡಿದು ತೋರಿಸಿದರು. ಅಷ್ಟರಲ್ಲಿ ಘಟಕ ಕೆಲಸ ಮಾಡುತ್ತಿತ್ತು, ನೀರಿನ ಪರೀಕ್ಷೆಯ ವರದಿ ಕೈಯಲ್ಲಿತ್ತು. ಆಸ್ಟ್ರೇಲಿಯಾದ ಟೂವುಂಬಾ ಪಟ್ಟಣದಲ್ಲಿ ಇಂಥದ್ದೇ ಯೋಜನೆ ಕಾಗದದಲ್ಲಿರುವಾಗಲೇ ಮತಕ್ಕೆ ಬಂತು. ಜನರ ಸಂಶಯಕ್ಕೆ ತೋರಿಸಲು ಅಲ್ಲಿ ಘಟಕವೇ ಇರಲಿಲ್ಲ. 2006ರ ಜುಲೈಯಲ್ಲಿ ಸುಮಾರು ಶೇಕಡ 62 ಮಂದಿ ಬೇಡ ಅಂದರು. ತೋರಿಸಲು ಏನಾದರೂ ಇದ್ದಾಗಲೇ ಪ್ರಚಾರಕ್ಕೆ ಬಲ.

ಆದ್ದರಿಂದ ಟೆಂಡರ್ ಬರೆಯುವಾಗಲೇ ಕೆಲವು ಶರತ್ತುಗಳು ಬೇಕು. ಮೊದಲನೆಯದು, ಹಸಿ ಮತ್ತು ಒಣ ಕಸ ಬೇರೆಬೇರೆಯಾಗಿ ಒಯ್ಯುವ ಗಾಡಿ ತಪ್ಪದೆ ಬರುತ್ತಿರುವ ವಾರ್ಡ್‌ಗಳಲ್ಲಿ ಮಾತ್ರ ಪ್ರಚಾರ ಶುರುವಾಗಲಿ. ಎರಡನೆಯದು, ಅಂಕ ಕೊಡುವಾಗ ವಹಿವಾಟಿನ ತೂಕ ಇಳಿಸಿ, ಊರಿನ ಭಾಷೆ ಬಲ್ಲ ಊರಿನ ಜನರನ್ನು ಎಷ್ಟು ಮಂದಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಏರಿಸಲಿ. ಹಳ್ಳಿಗಳಲ್ಲಿ ಪಂಚಾಯತಿನ ಸ್ವಚ್ಛ ವಾಹಿನಿಯನ್ನು ಸ್ವಸಹಾಯ ಗುಂಪಿನ ಹೆಂಗಸರೇ ಓಡಿಸುತ್ತಿರುವಾಗ ನಗರದಲ್ಲಿ ಬಾಗಿಲು ತಟ್ಟಿ ಮಾತಾಡಲು ಅವರಿಗೆ ಆಗದೇ? ಮೂರನೆಯದು, ಬಿಲ್ಲಿನ ಅರ್ಧ ಭಾಗವಾದರೂ ಫಲಿತಾಂಶಕ್ಕೆ ಕಟ್ಟಿರಲಿ. ಮೊದಲು ಆ ವಾರ್ಡಿನಿಂದ ಎಷ್ಟು ಕಿಲೋ ಒಣ ಕಸ ಬೇರೆಯಾಗಿ ಬರುತ್ತಿತ್ತು, ಆರು ತಿಂಗಳಲ್ಲಿ ಎಷ್ಟಾಯಿತು ಅಂತ ತೂಕದ ಚೀಟಿ ಹೇಳಲಿ. ನಾಲ್ಕನೆಯದು, ಆ ಲೆಕ್ಕಕ್ಕೆ ಸಹಿ ಹಾಕುವವರು ಕಂಪೆನಿಯವರಾಗಬಾರದು, ವಾರ್ಡ್ ಸಮಿತಿಯವರಾಗಬೇಕು. ವೋಚರ್ ಬರೆದವನೇ ಅದನ್ನು ಪಾಸ್ ಮಾಡಬಾರದು ಎಂಬುದು ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸುವ ಪಾಠ.

ಇದರಲ್ಲಿ ನಮಗೇನು ಕೆಲಸ ಅಂತ ಕೇಳಬಹುದು. ಊರಿಗೆ ರಜೆಯಲ್ಲಿ ಹೋದಾಗ ಒಂದು ದಿನ ವಾರ್ಡ್ ಸಭೆಗೋ ಗ್ರಾಮಸಭೆಗೋ ಹೋಗಿ. ಹೋಗಲು ಆಗದಿದ್ದರೆ ಮನೆಯಲ್ಲಿರುವ ತಮ್ಮನಿಗೆ, ತಂಗಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ 10 ರೂಪಾಯಿ ಶುಲ್ಕ. ಮೂರು ಪ್ರಶ್ನೆ ಸಾಕು: ಕಳೆದ ವರ್ಷ ಸ್ವಚ್ಛತಾ ಪ್ರಚಾರಕ್ಕೆ ಎಷ್ಟು ಖರ್ಚಾಯಿತು, ಅದರಲ್ಲಿ ನಮ್ಮ ವಾರ್ಡಿನಲ್ಲಿ ಏನು ನಡೆಯಿತು, ನಮ್ಮ ವಾರ್ಡಿನ ಒಣ ಕಸದ ತೂಕ ಎಷ್ಟು. ಜಮಾಅತ್ ಕಮಿಟಿಗಳು, ಮದ್ರಸದ ಪೋಷಕರ ಸಭೆಗಳು ಗಾಡಿಯ ವೇಳಾಪಟ್ಟಿಯನ್ನು ಬ್ಯಾರಿಯಲ್ಲಿ ಹೇಳಿದರೆ ಅದಕ್ಕೆ ಟೆಂಡರೂ ಬೇಕಾಗಿಲ್ಲ.

ಕಡೆಗೆ ಈ ಕಸವನ್ನೆಲ್ಲ ಕೈಯಿಂದ ಮುಟ್ಟುವವರು ಪೌರಕಾರ್ಮಿಕರು. ಒಡೆದ ಗಾಜು, ಬ್ಲೇಡು, ಡೈಪರ್ ಎಲ್ಲ ಅನ್ನದ ಜೊತೆ ಬೆರೆತು ಬಂದರೆ ಅದನ್ನು ವಿಂಗಡಿಸುವಾಗ ಕುಯ್ಯುವುದು ಅವರ ಬೆರಳು. ಪ್ರಚಾರಕ್ಕೆ ಖರ್ಚು ಮಾಡಿದ ಹಣ ಸಾರ್ಥಕವಾಯಿತೇ ಎಂದು ತಿಳಿಯಬೇಕಾದರೆ ಹೋರ್ಡಿಂಗಿನ ಫೋಟೋ ನೋಡುವ ಮೊದಲು ಅವರನ್ನು ಕೇಳಿದರೆ ಸಾಕು.