ಏಳು ಜನ್ಮ ಬೇಕೆ?

ಈ ಸಲ ಹಬ್ಬ, ಅಡಿಗೆ, ಮಂಡಳದ ಸಮಾಚಾರ ಎಲ್ಲ ಬದಿಗಿಟ್ಟು ನಿಮಗೊಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿಯ ತನಕ ನೀವು ಬಾಳಿದ ಬಾಳನ್ನು, ಅದು ಹೇಗಿತ್ತೋ ಹಾಗೆಯೇ, ಒಂದು ದಿನವನ್ನೂ ಬದಲಿಸದೆ ಮತ್ತೆ ಮೊದಲಿನಿಂದ ಬಾಳಬಹುದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೀರಾ? ತಟ್ಟನೆ ಉತ್ತರ ಕೊಡಬೇಡಿ. ಹತ್ತನೇ ಇಯತ್ತೆಯ ಗಣಿತದ ಪೇಪರೂ ಅದರಲ್ಲಿ ಬರುತ್ತದೆ.

ಈ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕಿದ್ದು ವಟಪೌರ್ಣಿಮೆಯಿಂದ. ನಮ್ಮ ಕಡೆ ಗಂಡನ ಆಯುಷ್ಯಕ್ಕಾಗಿ ಮಾಡುವ ದೊಡ್ಡ ವ್ರತವೆಂದರೆ ಭೀಮನ ಅಮಾವಾಸ್ಯೆ. ಪುಣೆಗೆ ಬಂದ ಮೇಲೆ ಜ್ಯೇಷ್ಠದ ಹುಣ್ಣಿಮೆಯೂ ಅದಕ್ಕೆ ಸೇರಿಕೊಂಡಿತು. ಇಲ್ಲಿಯ ಪೇಟೆಗಳಲ್ಲಿ ಆ ದಿನ ನೋಡಬೇಕು ನೀವು. ಜರಿ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ಕೈಯಲ್ಲಿ ಐದು ಹಣ್ಣಿನ ತಟ್ಟೆ ಹಿಡಿದು ಆಲದ ಮರಕ್ಕೆ ನೂಲು ಸುತ್ತುವ ಹೆಂಗಸರು. ಮರದ ತನಕ ಹೋಗಲಾಗದವರಿಗೆ ಮಂಡಯಿಯಲ್ಲಿ ಆಲದ ಟೊಂಗೆಯೇ ಮಾರಾಟಕ್ಕಿರುತ್ತದೆ. (ಟೊಂಗೆ ಕಡಿದು ಪೂಜೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮರಕ್ಕೆ ಆಯುಷ್ಯ ಬೇಡವೇ?) ಸುತ್ತು ಹಾಕುತ್ತಾ ಬೇಡುವುದು ಏನು? ಏಳು ಜನ್ಮಕ್ಕೂ ಇದೇ ಗಂಡ ಸಿಗಲಿ ಎಂದು.

ಇದರ ಮೇಲೆ ಎಷ್ಟು ನಗೆಹನಿಗಳು ಹುಟ್ಟಿವೆಯೋ ಲೆಕ್ಕವಿಲ್ಲ. "ಇದು ಏಳನೆಯದೇ ಇರಬೇಕು, ಇನ್ನು ಬಿಡುಗಡೆ" ಎಂಬುದು ಎಲ್ಲಕ್ಕಿಂತ ಹಳೆಯದು. ಗಂಡಸರೇನು ಕಡಿಮೆ? 2022ರಲ್ಲಿ, ಆಗಿನ ಔರಂಗಾಬಾದಿನ ಹತ್ತಿರ, ಕೆಲವರು ಸೇರಿ ಅರಳಿ ಮರವನ್ನು ಸುತ್ತಿ, ಇದೇ ಹೆಂಡತಿ ಮತ್ತೆ ಬೇಡಪ್ಪಾ ಎಂದು ಬೇಡಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಗೆ ಸರಿ. ಆದರೆ ಒಂದು ವಿಷಯ ಗಮನಿಸಿ. ಏಳು ಜನ್ಮಕ್ಕೆ ಗಂಡ ಬೇಕೋ ಬೇಡವೋ ಎಂದು ಚರ್ಚೆಯಾಗುತ್ತದೆ. ನಿನ್ನ ಈ ಬಾಳು ನಿನಗೇ ಇನ್ನೊಮ್ಮೆ ಬೇಕೇನವ್ವಾ ಎಂದು ಆ ನೂಲು ಹಿಡಿದ ಹೆಂಗಸನ್ನು ಯಾರೂ ಕೇಳುವುದಿಲ್ಲ.

ಸಾವಿತ್ರಿಯ ಕಥೆ ಮಹಾಭಾರತದ ವನಪರ್ವದಲ್ಲಿದೆ. ಪುರುಸೊತ್ತು ಇದ್ದಾಗ ತೆಗೆದು ಓದಿ. ಯಮನ ಹತ್ತಿರ ಅವಳು ಕೇಳಿದ ವರಗಳಲ್ಲಿ ಮಾವನಿಗೆ ಕಣ್ಣು ಇದೆ, ಹೋದ ರಾಜ್ಯ ಇದೆ, ತಂದೆಗೆ ಗಂಡು ಮಕ್ಕಳು, ತನಗೆ ಮಕ್ಕಳು, ಕಡೆಗೆ ಗಂಡನ ಜೀವ ಇದೆ. ಏಳು ಜನ್ಮದ ಮಾತು ಅಲ್ಲಿಲ್ಲ. ಅದು ಆಮೇಲೆ ನಮ್ಮ ವ್ರತದವರು ಸೇರಿಸಿದ್ದು. ನನಗೆ ಯಮನ ಜೊತೆಗಿನ ವಾದಕ್ಕಿಂತ ಅದರ ಹಿಂದಿನ ಪ್ರಸಂಗ ದೊಡ್ಡದೆನಿಸುತ್ತದೆ. ಸತ್ಯವಾನನಿಗೆ ಇನ್ನು ಒಂದೇ ವರ್ಷ ಆಯುಷ್ಯ ಎಂದು ನಾರದರು ಮದುವೆಗೆ ಮೊದಲೇ ಹೇಳುತ್ತಾರೆ. ಬೇರೆ ವರ ನೋಡಮ್ಮ ಎಂದು ತಂದೆ ಹೇಳುತ್ತಾನೆ. ಅವಳು ಕೇಳುವುದಿಲ್ಲ. ಯಮ ಬರುತ್ತಾನೆ, ಅವನ ಜೊತೆ ವಾದಿಸಿ ಗೆಲ್ಲುತ್ತೇನೆ ಎಂದು ಅವಳಿಗೇನು ಮೊದಲೇ ಗೊತ್ತಿತ್ತೇ? ಮುಂದೆ ಏನಾಗುತ್ತದೆ ಎಂದು ತಿಳಿದೂ ತಿಳಿದೂ ಆ ಒಂದು ವರ್ಷಕ್ಕೆ ಹೂಂ ಎಂದಳು, ಅಷ್ಟೆ. ನಮ್ಮ ಪ್ರಶ್ನೆಯೂ ಹೆಚ್ಚು ಕಡಿಮೆ ಇದೇ ಅಲ್ಲವೆ? ಮುಂದಿನದೆಲ್ಲ ಗೊತ್ತಿದ್ದೂ ಹೂಂ ಅನ್ನುತ್ತೀರಾ ಎಂದು.

ಇಟಲಿಯ ಕವಿ ಲಿಯೋಪಾರ್ಡಿ 1832ರಲ್ಲಿ ಒಂದು ಚಿಕ್ಕ ಸಂಭಾಷಣೆ ಬರೆದ. ಇಂಗ್ಲಿಷಿನಲ್ಲಿ ಓದಿದಾಗ ನನಗೆ ನೆನಪಾದದ್ದು ನಮ್ಮ ಅಪ್ಪಾ ಬಳವಂತ ಚೌಕ. ಹೊಸ ವರ್ಷದ ಪಂಚಾಂಗ ಮಾರುವವನೊಬ್ಬ ಬೀದಿಯಲ್ಲಿ ಕೂಗುತ್ತಿದ್ದಾನೆ. ದಾರಿಹೋಕನೊಬ್ಬ ನಿಂತು ಕೇಳುತ್ತಾನೆ: ಬರುವ ವರ್ಷ ಚೆನ್ನಾಗಿರುತ್ತದೆಯೇನಯ್ಯಾ? ಖಂಡಿತ ಸ್ವಾಮಿ. ಹೋದ ವರ್ಷಕ್ಕಿಂತಲೂ? ಬಹಳ ಹೆಚ್ಚು. ಹಾಗಾದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಯಾವ ವರ್ಷದ ಹಾಗೆ ಇರಲಿ ಎನ್ನುತ್ತೀ? ಪಾಪ, ಪಂಚಾಂಗದವನಿಗೆ ಒಂದೂ ಹೊಳೆಯುವುದಿಲ್ಲ. ಆದರೂ ಬದುಕು ಚಂದ ಎನ್ನುತ್ತಾನೆ. ಮತ್ತೆ ಬದುಕುತ್ತೀಯಾ ಎಂದರೆ ದೇವರ ದಯೆಯಿಂದ ಹಾಗಾದರೆ ಸಾಕು ಎನ್ನುತ್ತಾನೆ. ಅದೇ ಸುಖ, ಅದೇ ದುಃಖ, ಎಲ್ಲ ಅದೇ ಎಂದ ಕೂಡಲೇ, ಅದು ಮಾತ್ರ ಬೇಡ. ಅವನಿಗೆ ಬೇಕಾದದ್ದು ಏನಿದೆಯೋ ಗೊತ್ತಿಲ್ಲದ, ದೇವರು ಕಳಿಸಿದ ಹಾಗೆ ಬರುವ ಹೊಸ ಬಾಳು. ಕೊನೆಗೆ ದಾರಿಹೋಕ ದುಡ್ಡು ಕೊಟ್ಟು ಒಳ್ಳೆಯದೊಂದು ಪಂಚಾಂಗ ಕೊಂಡು ಹೋಗುತ್ತಾನೆ. ಲಿಯೋಪಾರ್ಡಿ ನಲವತ್ತು ತುಂಬುವ ಮೊದಲೇ ತೀರಿಕೊಂಡ. ಬೆನ್ನು ಗೂನು, ಕಣ್ಣು ಮಂದ, ಜೀವನವಿಡೀ ಕಾಯಿಲೆ. ಅವನು ಹಾಗೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ ಎಂದುಕೊಂಡಿದ್ದೆ.

ಆದರೆ ಕಷ್ಟಪಟ್ಟವರೆಲ್ಲ ಹಾಗೆಯೇ ಹೇಳುವುದಿಲ್ಲ ಎಂಬುದಕ್ಕೆ ಸಾಕ್ಷಿ ಪುಣೆಯ ಪಕ್ಕದಲ್ಲೇ ಇದೆ.

ವಟಪೌರ್ಣಿಮೆ ಕಳೆದು ಹತ್ತು ದಿನದ ಸುಮಾರಿಗೆ ಪಾಲಖಿಗಳು ಊರು ಮುಟ್ಟುತ್ತವೆ. ಆಳಂದಿಯಿಂದ ಜ್ಞಾನೇಶ್ವರರದು, ದೇಹುವಿನಿಂದ ತುಕಾರಾಮರದು. ತುಕಾರಾಮರ ಪಾಲಖಿ ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ ಇಳಿಯುತ್ತದೆ. ನಾವು ಕನ್ನಡಿಗರು ಇದನ್ನು ಪರರ ಹಬ್ಬವೆಂದು ದೂರ ನಿಂತು ನೋಡಬೇಕಾದ ಕಾರಣವಿಲ್ಲ; ಪಂಢರಪುರದ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಸ್ವತಃ ಜ್ಞಾನೇಶ್ವರರೇ. ಇರಲಿ. ತುಕಾರಾಮರು ದೇಹುವಿನ ಅಂಗಡಿಕಾರರ ಮನೆಯವರು. ತಂದೆ ತಾಯಿ ಬೇಗ ಹೋದರು. 1630ರ ಸುಮಾರಿನ ಭೀಕರ ಬರಗಾಲದಲ್ಲಿ ಮೊದಲ ಹೆಂಡತಿ ಅನ್ನವಿಲ್ಲದೆ ಸತ್ತಳು, ಮಗನೂ ಹೋದ. ವ್ಯಾಪಾರ ಮುಳುಗಿ ದಿವಾಳಿಯಾಯಿತು. ಇಷ್ಟೆಲ್ಲ ಕಂಡ ಮನುಷ್ಯ ದೇವರ ಹತ್ತಿರ ಏನು ಬೇಡಬೇಕು? ಸಾಕು ಮಾಡು ಎಂದಲ್ಲವೆ? ನಮ್ಮ ಶಾಸ್ತ್ರ ಪುರಾಣಗಳೆಲ್ಲ ಹೇಳುವುದೂ ಅದನ್ನೇ, ಹುಟ್ಟು ಸಾವಿನ ಚಕ್ರದಿಂದ ಬಿಡುಗಡೆ. ತುಕಾರಾಮರು ಬೇಡಿದ್ದು ಬೇರೆ. ಇಲ್ಲಿಯ ಭಜನೆಗಳ ಕೊನೆಯಲ್ಲಿ ಇಂದಿಗೂ ಹಾಡುವ ಅವರ ಒಂದು ಅಭಂಗದಲ್ಲಿ, ನಿನ್ನ ಮರೆವು ಬಾರದಿರಲಿ, ಸಂತರ ಸಹವಾಸ ಇರಲಿ, ಮೋಕ್ಷವೂ ಬೇಡ ಸಂಪತ್ತೂ ಬೇಡ, ಹಾಗಿದ್ದರೆ ಮತ್ತೆ ತಾಯಿಯ ಗರ್ಭಕ್ಕೆ ಹೋಗಲು ನನ್ನದೇನೂ ಅಡ್ಡಿಯಿಲ್ಲ ಎನ್ನುವ ಅರ್ಥವಿದೆ. ಪಂಚಾಂಗದವನು ಕಂಡರಿಯದ ಬಾಳನ್ನು ಕೇಳಿದ. ಇವರು ಅನ್ನಕ್ಕಾಗಿ ಕೇಳಲಿಲ್ಲ, ಬರಗಾಲ ಬಾರದಿರಲಿ ಎಂದೂ ಅಲ್ಲಿ ಕೇಳಲಿಲ್ಲ. ಜೊತೆಗೆ ಇಂಥವರಿರಲಿ, ಅಷ್ಟಿದ್ದರೆ ಬರುತ್ತೇನೆ ಎಂದರು.

ಇದನ್ನು ಕೇಳಿದಾಗ ಮನಸ್ಸು ತುಂಬಿ ಬರುತ್ತದೆ. ಆದರೆ ಮನೆ ನಡೆಸುವವಳು ನಾನು, ಮರುಕ್ಷಣವೇ ಜೀಜಾಬಾಯಿಯ ನೆನಪಾಗುತ್ತದೆ. ತುಕಾರಾಮರ ಎರಡನೆಯ ಹೆಂಡತಿ. ಗಂಡ ಭಂಡಾರಾ ಗುಡ್ಡದ ಮೇಲೆ ಧ್ಯಾನಕ್ಕೆ ಕೂತರೆ, ಬಿಸಿಲಲ್ಲಿ ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದವಳು. ಕಾಲಿಗೆ ಮುಳ್ಳು ಚುಚ್ಚಿ ವಿಠೋಬನೇ ಬಂದು ತೆಗೆದ ಎಂದು ಕಥೆ ಹೇಳುತ್ತಾರೆ. ಅವಳಿಗೆ ಬಾಯಿ ಜೋರು ಎಂದೂ ಹೇಳುತ್ತಾರೆ. ಮನೆಯಲ್ಲಿ ಹಿಟ್ಟಿಲ್ಲ, ಗಂಡ ಬಂದದ್ದನ್ನೆಲ್ಲ ಹಂಚುತ್ತಾನೆ, ಬಾಯಿ ಮೆತ್ತಗೆ ಹೇಗೆ ಇದ್ದೀತು? ಮತ್ತೆ ಹುಟ್ಟುತ್ತೀಯಾ ತಾಯಿ ಎಂದು ಅವಳನ್ನು ಕೇಳಿದ್ದರೆ ಏನು ಹೇಳುತ್ತಿದ್ದಳೋ. ಅವಳ ಅಭಂಗವನ್ನು ಬರೆದುಕೊಂಡವರಿಲ್ಲ.

ನಮ್ಮ ಬೇಂದ್ರೆಯವರೂ ಇಲ್ಲಿ ನೆನಪಾಗಬೇಕು. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು. ಯುಗಾದಿಯ ಮೇಲಿನ ಅವರ ಹಾಡು 1963ರ 'ಕುಲವಧು' ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಲ್ಲಿ ಬಂದ ಮೇಲೆ ಮನೆಮನೆಯ ಹಾಡಾಯಿತು. ಬೇವು ಬೆಲ್ಲ ತಿನ್ನುತ್ತಾ ಖುಷಿಯಿಂದ ಕೇಳುತ್ತೇವೆ. ಆದರೆ ಅದರೊಳಗೆ ಇರುವುದು ದೂರು. ಗಿಡಮರಗಳಿಗೆ ವರ್ಷಕ್ಕೊಮ್ಮೆ ಹೊಸ ಜನ್ಮ, ನಮಗೆ ಮಾತ್ರ ಒಂದೇ ಏಕೆ ಎಂಬ ದೂರು. ಎಳೆಯ ಮಕ್ಕಳನ್ನು ಮಣ್ಣಿಗಿಟ್ಟು ಬಂದ ತಂದೆಯ ದೂರು ಅದು ಎಂಬುದನ್ನು ಮರೆಯಬೇಡಿ. ಸಾಕಪ್ಪಾ ಎನ್ನುವ ಬದಲು ಒಂದೇ ಏಕೆ ಕೊಟ್ಟೆ ಎನ್ನುತ್ತಾರೆ!

ಹಾಗಾದರೆ ಸುಖಪಟ್ಟವರು ಮತ್ತೆ ಬರಲು ಒಪ್ಪುತ್ತಾರೆ, ದುಃಖಪಟ್ಟವರು ಒಲ್ಲೆ ಎನ್ನುತ್ತಾರೆ ಎಂಬ ಲೆಕ್ಕ ಎಲ್ಲಿ ಕೂಡಿ ಬರುತ್ತದೆ? ಕೂಡಿ ಬರುವುದಿಲ್ಲ. ಅಮೆರಿಕದಲ್ಲಿ ಡೇನಿಯಲ್ ಕಾಹ್ನೆಮನ್ ಎಂಬ ವಿದ್ವಾಂಸರು ಮತ್ತು ಅವರ ಜೊತೆಯವರು ಟೆಕ್ಸಾಸಿನ 909 ಜನ ನೌಕರಿಯ ಹೆಂಗಸರಿಂದ ನಿನ್ನೆಯ ದಿನ ಏನೇನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಬರೆಸಿಕೊಂಡು 2004ರಲ್ಲಿ ಪ್ರಕಟಿಸಿದರು. ಕೆಲಸಕ್ಕೆ ಹೋಗಿ ಬರುವ ಪ್ರಯಾಣ ಎಲ್ಲಕ್ಕಿಂತ ಕೆಳಗೆ. (ಹಿಂಜವಡಿಗೆ ಹೋಗಿ ಬರುವವರು ಇದನ್ನು ಸಂಶೋಧನೆ ಇಲ್ಲದೆಯೇ ಹೇಳಿಯಾರು.) ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಟಿ.ವಿ. ನೋಡುವುದಕ್ಕಿಂತ, ಅಡಿಗೆ ಮಾಡುವುದಕ್ಕಿಂತಲೂ ಕೆಳಗೆ ಬಂತು. ಓದಿ ನನಗೆ ನಗು ಬಂತು. ಸುಳ್ಳಲ್ಲ, ಹಲ್ಲು ಬರುವ ಕೂಸನ್ನು ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದವರಿಗೆ ಗೊತ್ತು. ಆದರೆ ಯಾವುದಕ್ಕಾಗಿ ಮತ್ತೆ ಹುಟ್ಟುತ್ತೀರಿ ಎಂದರೆ ಟಿ.ವಿ.ಯ ಹೆಸರು ಹೇಳುವ ತಾಯಿಯನ್ನು ನಾನಂತೂ ಕಂಡಿಲ್ಲ.

ಈ ವರ್ಷ ನಾನೂ ನಾಲ್ಕಾರು ಹೆಂಗಸರನ್ನು ಕೇಳಿದೆ. ಮಂಡಳದ ಗೆಳತಿಯೊಬ್ಬರು, ಬ್ಯಾಂಕಿನಿಂದ ನಿವೃತ್ತರು, ಥಟ್ಟನೆ ಹೇಳಿದರು: "ಪೂರಾ ಜನ್ಮ ಬ್ಯಾಡ್ರಿ. ಧಾರವಾಡದ ಕಾಲೇಜಿನ ನಾಲ್ಕು ವರ್ಷ ಕೊಟ್ರ ಸಾಕು, ಬಡ್ಡಿ ನಿಮಗs ಇರ್ಲಿ."

ನಮ್ಮ ಸೊಸೈಟಿಯ ಮರಾಠಿ ಕಾಕು ಒಬ್ಬರಿದ್ದಾರೆ. ಅವರ ಯಜಮಾನರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಹನ್ನೊಂದು ವರ್ಷವಾಯಿತು. ಒಂದು ವರ್ಷವೂ ತಪ್ಪದೆ ಮರ ಸುತ್ತುತ್ತಾರೆ. ಏಳು ಜನ್ಮ ಕೇಳುತ್ತೀರಾ ಕಾಕು ಎಂದೆ. ಅವರು ಸುತ್ತಲೂ ನೋಡಿ ಮೆಲ್ಲಗೆ ಹೇಳಿದರು: "ನಾನು ಕೇಳುವುದು ಒಂದೇ. ಅವರು ನನಗಿಂತ ಮೊದಲು ಹೋಗಲಿ. ನಾನು ಮೊದಲು ಹೋದರೆ ಅವರಿಗೆ ಗಂಜಿ ಹಾಕುವವರು ಯಾರು?" ಮುತ್ತೈದೆಯಾಗಿ ಸಾಯಬೇಕು ಎನ್ನುವುದನ್ನೇ ಹುಟ್ಟಿದಾಗಿನಿಂದ ಕೇಳಿ ಬೆಳೆದ ಹೆಂಗಸು ಆಲದ ಮರದ ಮುಂದೆ ನಿಂತು ಇದನ್ನು ಬೇಡಬೇಕಾದರೆ ಎಷ್ಟು ಯೋಚಿಸಿರಬೇಕು! ಇದು ಅಪಶಕುನ ಎನ್ನುವವರು ಎನ್ನಲಿ. ಆ ದಿನ ಅಲ್ಲಿ ನಿಂತ ಐವತ್ತು ಜನರಲ್ಲಿ ಸಾವಿತ್ರಿಯ ಹತ್ತಿರಕ್ಕೆ ಬಂದವರು ಇವರೇ ಎಂದು ನನ್ನ ಅಭಿಪ್ರಾಯ.

ನಮ್ಮ ಅತ್ತೆಯವರಿಗೆ ಈಗ ಎಂಬತ್ತಾರು. ಒಲೆ ಊದಿ, ನೀರು ಸೇದಿ, ಹನ್ನೆರಡು ಜನರ ಮನೆಗೆ ಬೇಯಿಸಿ ಹಾಕಿದವರು. ಮತ್ತೆ ಇದೇ ಜನ್ಮ ಕೊಟ್ಟರೆ ಬೇಕೇ ಎಂದಾಗ, "ಏನ್ ಹುಚ್ಚ ಇದ್ದೀಯವಾ, ಯಾರಿಗೆ ಬೇಕದು, ಸಾಕಾಗೇದ" ಎಂದು ಜಪಮಣಿ ಎತ್ತಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಕೇಳಿದರು.

"ಎಲ್ಲಾ ಅದs ಬರತದೇನು? ಒಂದೂ ಬಿಡದs?"

"ಹೌದು, ಎಲ್ಲಾ ಅದೇ."

"ಹಂಗಾರ ಸಣ್ಣಾಂವ ಬರ್ತಾನ."

ಅವರ ಮೂರನೆಯ ಮಗು. ಒಂಬತ್ತು ತಿಂಗಳಿದ್ದಾಗ ಜ್ವರದಲ್ಲಿ ಹೋಯಿತಂತೆ. ಈ ಮನೆಗೆ ಬಂದು ಮೂವತ್ತು ವರ್ಷದಲ್ಲಿ ಅದರ ಮಾತನ್ನು ಅವರು ನನ್ನ ಮುಂದೆ ಎರಡು ಸಲ ಆಡಿರಬಹುದು. ಬಂದರೂ ಮತ್ತೆ ಹಾಗೆಯೇ ಹೋಗುತ್ತದಲ್ಲ ಅತ್ತೆ, ಅದನ್ನೂ ಬದಲಿಸುವ ಹಾಗಿಲ್ಲ ಎಂದೆ.

"ಹೋಗವೊಲ್ದ್ಯಾಕ. ಒಂಬತ್ತು ತಿಂಗಳರೆ ಸಿಗ್ತಾನಲ್ಲ" ಎಂದರು. "ಬರೆದ್ಕೋ ನನ್ನ ಹೆಸರು."

ನನ್ನ ಉತ್ತರ ಏನು ಎಂದು ನೀವು ಕೇಳುವುದು ನ್ಯಾಯವೇ. ಅವರಷ್ಟು ಧೈರ್ಯ ನನಗಿಲ್ಲ. ಮದುವೆಯಾದ ಹೊಸತರಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಸೀಮೆಎಣ್ಣೆಯ ಸಾಲು, ಮರಾಠಿ ಬಾರದೆ ಭಾಜಿಯವನ ಮುಂದೆ ಬೆರಳು ಎಣಿಸಿ ತೋರಿಸಿದ್ದು, ಇದೆಲ್ಲ ಮತ್ತೆ ಬಂದರೆ ತಕರಾರಿಲ್ಲ, ಈಗ ನೆನೆದರೆ ಅವೂ ಚಂದವೇ. ಅಪ್ಪ ತೀರಿಕೊಂಡ ವರ್ಷದ ಹತ್ತಿರ ಬಂದಾಗ ಮಾತ್ರ ನನ್ನ ಹೂಂ ನಿಲ್ಲುತ್ತದೆ. ಆದರೆ ಆ ವರ್ಷ ಬೇಡವೆಂದರೆ ಅದರ ಹಿಂದಿನ ಅಪ್ಪನೂ ಬೇಡವೆಂದಂತೆ ಆಗುತ್ತದೆ. ಇಷ್ಟರಲ್ಲೇ ಸಿಕ್ಕಿಕೊಂಡು ಕುಳಿತಿದ್ದೇನೆ. ಮನೆಯವರನ್ನು ಕೇಳಿದರೆ, "ಮೊದಲು ನೀನು ಹೇಳು, ಆಮೇಲೆ ನಾನು ಹೇಳ್ತೀನಿ" ಎಂದು ಪೇಪರಿನ ಹಿಂದೆ ಹೋದರು. ಜಾಣರು.

ನಿಮ್ಮ ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ಮಂಡಳದ ಕಚೇರಿಗೆ ಕಳಿಸಿ, ಹೆಸರು ಹಾಕಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಮೊದಲು ಅವರನ್ನು ಕೇಳಿ. ಒಮ್ಮೆ ಕೇಳಿ ಎದ್ದು ಹೋಗಬೇಡಿ, ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಿ.