ಕಪಿಲೆಗೆ ಬಟ್ಟೆ ಬಿಡುವುದು ನಿಲ್ಲಲಿ



ತೀರ್ಥಕ್ಷೇತ್ರಗಳ ನದಿ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರುವುದನ್ನು ನಿಷೇಧಿಸುವಂತೆ 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದ್ದರು. ಮಿಂದವರು ಬಟ್ಟೆಯನ್ನು ನೀರಿನಲ್ಲೇ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕೆಂದೂ ಹೇಳಿದ್ದರು. ಒಳ್ಳೆಯ ಸೂಚನೆಯೇ. ಆದರೆ ಅಂಗಡಿಗಳಿಗೆ ಕಡಿವಾಣ ಹಾಕಿದ ಮಾತ್ರಕ್ಕೆ ನದಿ ಉಳಿಯುವುದಿಲ್ಲ. ಶಾಂಪೂ ಪ್ಯಾಕೆಟ್ಟು ಮನೆಯಿಂದಲೇ ಬ್ಯಾಗಿನಲ್ಲಿ ಬರುತ್ತದೆ, ಬಟ್ಟೆ ಮೈಮೇಲೆ ಬರುತ್ತದೆ.

ಕಪಿಲೆ ದಡದ ನಂಜನಗೂಡಿನ ಸ್ನಾನಘಟ್ಟಕ್ಕೆ ಸೋಮವಾರವೋ ಹುಣ್ಣಿಮೆಯಂದೋ ಹೋಗಿ ನೋಡಿ. ಮುಡಿ ಕೊಟ್ಟು ಬಂದವರು ಮೂರು ಮುಳುಗು ಹಾಕಿ, ಉಟ್ಟಿದ್ದನ್ನು ಅಲ್ಲೇ ಕಳಚಿ ಹೊಳೆಗೆ ಬಿಡುತ್ತಾರೆ. ಹಾಗೆ ಬಿಟ್ಟರೆ ದೋಷ ಕಳೆಯುತ್ತದೆ ಎಂಬ ನಂಬಿಕೆ. ಮೆಟ್ಟಿಲಿಳಿದರೆ ಸೀರೆ, ಲುಂಗಿ, ಮಕ್ಕಳ ಚಡ್ಡಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಹಿಂದಿನವರು ಬಿಟ್ಟ ಹತ್ತಿಬಟ್ಟೆ ಕೊಳೆತು ಮಣ್ಣಾಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಹಾಗಲ್ಲ. ಕೆಸರು ಮೆತ್ತಿಕೊಂಡು, ಬೇರಿಗೆ ತೊಡರಿಕೊಂಡು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ.

ನಾವು ಹೊಳೆಯ ಕೆಳಗಿನವರು. ನಂಜನಗೂಡಿನಲ್ಲಿ ಬಿಟ್ಟದ್ದು ನಮ್ಮೂರು ತಿರುಮಕೂಡಲಿಗೆ, ಕಾವೇರಿ ಕಪಿಲೆ ಕೂಡುವ ಸಂಗಮಕ್ಕೆ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಇಲ್ಲಿ ನಡೆದ ಕುಂಭಮೇಳದಲ್ಲಿ ಜನಸಾಗರ ಮಿಂದದ್ದು ಇದೇ ನೀರಿನಲ್ಲಿ. ಮುಂದೆ ಹರಿದ ಕಾವೇರಿಯಿಂದಲೇ ಬೆಂಗಳೂರು ಕುಡಿಯುವ ನೀರು ಎತ್ತುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಮಲಿನ ನದಿಪಾತ್ರಗಳ ಪಟ್ಟಿಯಲ್ಲಿ ಕಬಿನಿಯ, ಅಂದರೆ ಇದೇ ಕಪಿಲೆಯ, ನಂಜನಗೂಡು–ಹೆಜ್ಜಿಗೆ ಭಾಗವೂ ಇತ್ತು ಎಂಬುದು ನಮಗೆಲ್ಲ ನೋವಾಗಬೇಕಾದ ಸಂಗತಿ.

ಕಾರ್ಖಾನೆಯ ನೀರು, ಊರಿನ ಚರಂಡಿ ನೀರು ಬಿಟ್ಟು ಭಕ್ತರ ಬಟ್ಟೆಯ ಮೇಲೇಕೆ ಕಣ್ಣು ಎಂದು ಕೇಳುವವರಿದ್ದಾರೆ. ಅವುಗಳನ್ನೂ ತಡೆಯಬೇಕು, ಬಿಗಿಯಾಗಿಯೇ ತಡೆಯಬೇಕು. ಅದಕ್ಕೆ ಯಂತ್ರ ಬೇಕು, ಹಣ ಬೇಕು, ಕಾಲ ಬೇಕು. ಉಟ್ಟ ಬಟ್ಟೆಯನ್ನು ಹಿಂಡಿ ಚೀಲಕ್ಕೆ ಹಾಕಿಕೊಳ್ಳಲು ಏನೂ ಬೇಡ.

ಭಕ್ತರನ್ನು ಬೈದು ಫಲವಿಲ್ಲ. ದೂರದಿಂದ ಬಂದು, ಬಟ್ಟೆ ಬದಲಿಸಲು ಮರೆಯಿಲ್ಲದೆ, ಒದ್ದೆ ಸೀರೆ ಹಿಡಿದು ನಿಂತ ಹೆಂಗಸಿಗೆ ಹೊಳೆಯೇ ಹತ್ತಿರದ ಜಾಗವಾಗಿ ಕಾಣುವುದು ಸಹಜ. ಮೆಟ್ಟಿಲ ಪಕ್ಕದಲ್ಲೇ ಬಟ್ಟೆ ಬದಲಿಸಲು ಸಾಕಷ್ಟು ಕೋಣೆಗಳಿರಲಿ. ಬಿಟ್ಟೇ ತೀರುತ್ತೇನೆ ಎನ್ನುವವರಿಗೆ ದೊಡ್ಡ ತೊಟ್ಟಿಗಳಿರಲಿ, ಸಂಜೆಗೆ ಅವು ಖಾಲಿಯಾಗಲಿ. ಹುಂಡಿಯಲ್ಲಿ ಕೋಟಿ ದಾಟಿ ಕಾಣಿಕೆ ಬೀಳುವ ಕ್ಷೇತ್ರಕ್ಕೆ ಇದು ಹೊರೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಡಿ ತೆಗೆಯುವಲ್ಲಿ, ಸಂಕಲ್ಪ ಮಾಡಿಸುವಲ್ಲಿ ಅರ್ಚಕರೇ ಹೇಳಲಿ: ಮಿಂದರೆ ಸಾಕು, ಬಟ್ಟೆ ಬಿಡಬೇಕಿಲ್ಲ, ದಾನ ಮಾಡಬೇಕೆನಿಸಿದರೆ ಒಗೆದ ಬಟ್ಟೆಯನ್ನು ಇಲ್ಲದವರಿಗೆ ಕೊಡಿ. ಸರ್ಕಾರದ ಫಲಕಕ್ಕೆ ಕಿವಿಗೊಡದವರೂ ಅವರ ಮಾತಿಗೆ ತಲೆಬಾಗುತ್ತಾರೆ.

ನಂಜನಗೂಡಿಗೆ ಹೊರಡುವ ಓದುಗರಲ್ಲೂ ಒಂದು ವಿನಂತಿ. ಒದ್ದೆ ಬಟ್ಟೆಗೆಂದೇ ಒಂದು ಚೀಲ ಮನೆಯಿಂದ ತನ್ನಿ, ಸೋಪು, ಶಾಂಪೂ ಮನೆಯಲ್ಲೇ ಇರಲಿ. ಬರುವ ದೊಡ್ಡಜಾತ್ರೆಯೊಳಗೆ ದೇವಸ್ಥಾನದ ಆಡಳಿತವೂ ನಗರಸಭೆಯೂ ಕೂಡಿ ಕೂತು ಈ ಏರ್ಪಾಡು ಮಾಡಲಿ. 2028ರ ಕುಂಭಮೇಳದ ತಯಾರಿ ನಮ್ಮೂರಿನಲ್ಲಲ್ಲ, ನಂಜನಗೂಡಿನ ಮೆಟ್ಟಿಲ ಮೇಲೆ ಶುರುವಾಗಬೇಕು.

– ಓದುಗ, ತಿ. ನರಸೀಪುರ